ಮುಂದಿನ ಸಾಲಿನ ಹೆಂಗಸು

ಮೇಲಿನಿಂದ ನೋಡಿದರೆ ಯಾರಿಗೂ ಮುಖವಿರಲಿಲ್ಲ. ಆ ಹಳೆಯ ಊರಿನ ಗಡಿಯಾರದ ಗೋಪುರ ಹತ್ತಿ ಚೌಕದತ್ತ ಬಗ್ಗಿದಾಗ ಕಂಡದ್ದು ಬರೀ ನೆತ್ತಿಗಳು: ಬೋಳು ನೆತ್ತಿ, ಟೋಪಿ ಹಾಕಿದ ನೆತ್ತಿ, ಬೈತಲೆ ತೆಗೆದ ನೆತ್ತಿ. ಅವುಗಳ ನಡುವೆ ಒಂದು ಮರದ ಹಲಗೆ. ಹಲಗೆಯ ತೂತುಗಳಿಂದ ಹೊರಗೆ ಚಾಚಿದ ಒಂದು ತಲೆ, ಎರಡು ಕೈ. ಕೈಗಳಲ್ಲಿ ಹಸಿರು ಬಳೆಗಳಿದ್ದವು. ಅಷ್ಟು ಎತ್ತರದಿಂದ ಬಳೆಯ ಬಣ್ಣ ಕಾಣುವುದಿಲ್ಲ ಎಂದು ನನಗೆ ಹೇಳಿದವರಿದ್ದಾರೆ. ನನಗೆ ಕಂಡಿತು. ಬೆಳಿಗ್ಗೆಯಷ್ಟೇ ಅವನ್ನು ಹತ್ತಿರದಿಂದ ನೋಡಿದ್ದೆನಲ್ಲ.

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿಗೆ ಹೋಗಿಬಂದವರು ತಮ್ಮ ಫೋಟೋಗಳನ್ನು ತೆಗೆದು ತೋರಿಸಲು ಕೂರುತ್ತಾರೆ. ಯೂರೋಪಿನ ಹಳೆಯ ಊರು ಎಂದರೆ ಸಾಕು. ನಡುವೆ ನದಿ, ನದಿಗೆ ಕಲ್ಲಿನ ಸೇತುವೆ, ಸೇತುವೆಯಿಂದ ಮೇಲಕ್ಕೇರುವ ಕಲ್ಲುಹಾಸಿನ ಓಣಿಗಳು, ಓಣಿಗಳೆಲ್ಲ ಬಂದು ಸೇರುವ ಒಂದು ಚೌಕ. ನಾವು ಅಲ್ಲಿದ್ದದ್ದು ಬೆಳಗಿನ ತಿಂಡಿ ಮುಗಿದ ಮೇಲಿನಿಂದ ಮಧ್ಯಾಹ್ನದ ಊಟದವರೆಗೆ. ನಮ್ಮ ಪ್ರವಾಸವೇ ಹಾಗಿತ್ತು, ಒಂದು ದೇಶದಲ್ಲಿ ಉಪ್ಪಿಟ್ಟು, ಇನ್ನೊಂದು ದೇಶದಲ್ಲಿ ಚಿತ್ರಾನ್ನ. ಅಡುಗೆಯವರನ್ನೂ ಮಸಾಲೆ ಡಬ್ಬಿಯನ್ನೂ ಜೊತೆಗೇ ಕಟ್ಟಿಕೊಂಡು ಹೊರಟಿದ್ದ ಬಸ್ಸು ಅದು. ಕಿಟಕಿಯಾಚೆ ಏನೇ ಇರಲಿ, ಒಳಗೆ ಇಂಗಿನ ವಾಸನೆ.

ನಾನು ಒಬ್ಬಳೇ ಹೋಗಿದ್ದೆ. ಮದುವೆಯಾಗದ ಹೆಂಗಸು ಸ್ವಂತ ಸಂಬಳದಲ್ಲಿ ದೇಶ ಸುತ್ತಲು ಹೊರಟದ್ದು ಬಸ್ಸಿನಲ್ಲಿ ಹಲವರಿಗೆ ಬಿಸಿ ತುಪ್ಪವಾಗಿತ್ತು. ಅಕ್ಕಿ ಗಿರಣಿಯವರ ಹೆಂಡತಿ ಸರ್ವಮಂಗಳಮ್ಮ ಮೊದಲ ದಿನ "ಜೊತೆಗ್ಯಾರೂ ಇಲ್ವಾ? ಅಯ್ಯೋ ಪಾಪ" ಎಂದು ಕೈಗೊಂದು ಕೋಡುಬಳೆ ಕೊಟ್ಟರು, ಆಮೇಲೆ ನನ್ನ ಕಡೆ ತಿರುಗಲಿಲ್ಲ. ದಿನವೂ ಮಾತಾಡಿಸುತ್ತಿದ್ದವರು ವಿಶಾಲಾಕ್ಷಮ್ಮ ಒಬ್ಬರೇ. ನನ್ನ ಮುಂದಿನ ಸೀಟು ಅವರದು, ಕಿಟಕಿಯ ಪಕ್ಕ. ಅವರ ಪಕ್ಕದಲ್ಲಿ ಅವರ ಯಜಮಾನರು, ದಕ್ಷಿಣಾಮೂರ್ತಿ ಮೇಷ್ಟರು.

ಮೇಷ್ಟರ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಶಾಲೆಯ ಕೆಲಸದಿಂದ ನಿವೃತ್ತರಾದ ಮೇಲೆ ಅವರು ಹಾಸ್ಯ ಭಾಷಣಕಾರರಾಗಿದ್ದರು. ಗಣಪತಿ ಪೆಂಡಾಲು, ರಾಜ್ಯೋತ್ಸವ, ಸಹಕಾರ ಸಂಘದ ವಾರ್ಷಿಕೋತ್ಸವ, ಎಲ್ಲಿ ಮೈಕು ಕಟ್ಟಿದರೂ ಅವರಿಗೆ ಕರೆ ಹೋಗುತ್ತಿತ್ತು. ಅವರ ಸರಕೆಲ್ಲ ಒಂದೇ, ಹೆಂಡತಿ. ಹೆಂಡತಿಯ ಅಡುಗೆ, ಹೆಂಡತಿಯ ಗೊರಕೆ, ಹೆಂಡತಿಯ ತವರುಮನೆ. ಸಭೆಯ ಮುಂದಿನ ಸಾಲಿನಲ್ಲಿ ಆಕೆಯನ್ನು ಕೂರಿಸಿ, ಬೆರಳು ತೋರಿಸಿ, ಎದುರಿಗೇ ಹೇಳುತ್ತಿದ್ದರಂತೆ. ಬಸ್ಸಿನಲ್ಲೂ ಅದೇ ಕಚೇರಿ. "ಇವಳು ಮಾಡಿದ ಇಡ್ಲೀನ ವಿಮಾನದಲ್ಲಿ ತರೋಕೆ ಬಿಡಲಿಲ್ಲ ಸ್ವಾಮಿ. ಆಯುಧ ಒಳಗೆ ಒಯ್ಯೋ ಹಾಗಿಲ್ಲ ಅಂದ್ರು!" ಎಂದರೆ ಬಸ್ಸು ಕುಲುಕುವಂತೆ ನಗು. ವಿಶಾಲಾಕ್ಷಮ್ಮನೂ ನಗುತ್ತಿದ್ದರು. ಎಲ್ಲರ ನಗು ಮುಗಿದ ಮೇಲೆ ತಮ್ಮದನ್ನು ನಿಲ್ಲಿಸುತ್ತಿದ್ದರು.

ಮೊದಲ ದಿನ ಎಲ್ಲರೂ ತಮ್ಮ ತಮ್ಮ ಪರಿಚಯ ಹೇಳಿಕೊಳ್ಳುವಾಗ ಮಕ್ಕಳೆಷ್ಟು ಎಂದು ಯಾರೋ ಕೇಳಿದರು. ಮೇಷ್ಟರು ಮೈಕನ್ನು ಕೊಂಚ ಕೆಳಗಿಳಿಸಿ, "ಒಬ್ಬಳು ಮಗಳಿದ್ದಳು. ಹೋಗಿಬಿಟ್ಟಳು" ಎಂದರು. "ಅದಕ್ಕೇ ನಗಿಸ್ತೀನಿ. ನಗಿಸದಿದ್ರೆ ನಾನು ಬದುಕೋದು ಹೇಗೆ?" ಎಂದು ಕನ್ನಡಕ ತೆಗೆದು ಒರೆಸಿಕೊಂಡರು. ಸರ್ವಮಂಗಳಮ್ಮ ಕಣ್ಣೊತ್ತಿಕೊಂಡರು. ಆ ಗಳಿಗೆಯಿಂದ ಮೇಷ್ಟರು ಏನು ಹೇಳಿದರೂ ಬಸ್ಸಿಗೆ ವೇದವಾಕ್ಯ.

ಅವರೇ ನಮ್ಮ ನ್ಯಾಯಾಧೀಶರೂ ಆದರು. ಇಂಥ ಪ್ರವಾಸಗಳಲ್ಲಿ ಬಸ್ಸಿಗೆ ತಡವಾಗಿ ಬಂದವರಿಗೆ ಶಿಕ್ಷೆ ಕೊಡುವ ಪದ್ಧತಿ ಇರುತ್ತದೆ. ಹಾಡು ಹೇಳಬೇಕು, ಕುಣಿಯಬೇಕು, ಇಲ್ಲವೆ ಎಲ್ಲರಿಗೂ ಐಸ್‌ಕ್ರೀಮ್ ಕೊಡಿಸಬೇಕು. ಟೂರ್ ಮ್ಯಾನೇಜರ್ ಪ್ರಸನ್ನ ಆ ಅಧಿಕಾರವನ್ನು ಮೇಷ್ಟರಿಗೆ ಒಪ್ಪಿಸಿಬಿಟ್ಟಿದ್ದ. ಅವನಿಗೂ ಒಂದು ತಲೆನೋವು ಕಡಿಮೆಯಾಗಿತ್ತು.

ಆ ಊರಿಗೆ ಹೋಗುವ ದಿನ ಬೆಳಿಗ್ಗೆ ವಿಶಾಲಾಕ್ಷಮ್ಮ ಹೋಟೆಲಿನ ನನ್ನ ಕೋಣೆಯ ಬಾಗಿಲು ತಟ್ಟಿದರು. ಹೊಸ ಮೈಸೂರು ಸಿಲ್ಕು ಉಟ್ಟಿದ್ದರು. ಕೈಯಲ್ಲಿ ಹೊಸ ಹಸಿರು ಬಳೆ.

"ಈ ಪಿನ್ನು ಸ್ವಲ್ಪ ಹಾಕಮ್ಮ. ನನಗೆ ಕೈ ಎಟುಕ್ತಿಲ್ಲ."

ಹೆಗಲ ಮೇಲೆ ಪಿನ್ನು ಹಾಕುತ್ತಾ, "ಏನು ವಿಶೇಷ ಇವತ್ತು?" ಎಂದೆ.

ಆಕೆ ಬಾಗಿಲು ಮುಚ್ಚಿಬಂದರು. "ಯಾರಿಗೂ ಹೇಳಬೇಡ. ನನ್ನ ಪೂರ್ಣಿ ಸತ್ತಿಲ್ಲ ಕಣಮ್ಮ. ಇವತ್ತು ಹೋಗ್ತೀವಲ್ಲ, ಆ ಊರಲ್ಲೇ ಇದಾಳೆ."

ಮಗಳು ಪೂರ್ಣಿಮಾ ಆ ಊರಿನವನನ್ನು ಮೆಚ್ಚಿ ಮದುವೆಯಾಗಿದ್ದಳು. ಸುದ್ದಿ ಬಂದ ವಾರದಲ್ಲೇ ಮೇಷ್ಟರು ಹೊಳೆಯ ದಂಡೆಗೆ ಹೋಗಿ, ತಲೆ ಬೋಳಿಸಿಕೊಂಡು, ಬದುಕಿರುವ ಮಗಳಿಗೆ ಎಳ್ಳುನೀರು ಬಿಟ್ಟಿದ್ದರು. ಹೆಂಡತಿಯನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದರು. ಅಂದಿನಿಂದ ಮನೆಯಲ್ಲಿ ಅವಳ ಹೆಸರಿಲ್ಲ. ಆದರೆ ಶನಿವಾರ ಶನಿವಾರ ಪಕ್ಕದ ಮನೆಗೆ ಫೋನು ಬರುತ್ತಿತ್ತು. ವಿಶಾಲಾಕ್ಷಮ್ಮ ಕರಿಬೇವು ಕೇಳುವ ನೆಪದಲ್ಲಿ ಅಲ್ಲಿಗೆ ಹೋಗಿ ಮಾತಾಡಿ ಬರುತ್ತಿದ್ದರು. ಇವರು ತಿರುಗಿ ಫೋನು ಮಾಡುವ ಹಾಗಿರಲಿಲ್ಲ. ನಂಬರು ಎಲ್ಲಾದರೂ ಯಜಮಾನರ ಕಣ್ಣಿಗೆ ಬಿದ್ದೀತೆಂಬ ಭಯಕ್ಕೆ ಅದನ್ನು ತೆಗೆದುಕೊಂಡೇ ಇರಲಿಲ್ಲ.

"ಹನ್ನೆರಡು ಗಂಟೆ ಹೊಡೆಯುವಾಗ ಚೌಕದ ಕಾರಂಜಿ ಹತ್ರ ನಿಂತಿರ್ತಾಳಂತೆ. ಏನೋ ತೋರಿಸೋದಿದೆ ಅಂದಳು. ಏನೇ ಅಂದ್ರೆ, ಬಂದು ನೋಡು ಅಂದಳು." ಬಳೆ ಸರಿಪಡಿಸಿಕೊಳ್ಳುತ್ತಾ, "ಒಂದು ಮಾತೂ ಅಂದಳು. ಇಷ್ಟು ಹತ್ರ ಬಂದು ನೀನೂ ಬರದೇ ಹೋದ್ರೆ ನೀನೂ ಎಳ್ಳುನೀರು ಬಿಟ್ಟೆ ಅಂತ ತಿಳ್ಕೋತೀನಿ, ಇನ್ನು ಫೋನು ಮಾಡಲ್ಲ ಅಂದಳು. ಹಟ ಜಾಸ್ತಿ ಅದಕ್ಕೆ. ಅಪ್ಪನ ಹಾಗೇ" ಎಂದರು.

ಕೈಚೀಲ ತೆರೆದು ಒಂದು ಗಂಟು ತೋರಿಸಿದರು. ರವಿಕೆ ಕಣದಲ್ಲಿ ಕಟ್ಟಿದ ಮಡಿಲಕ್ಕಿ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಒಂದು ಡಜನ್ ಬಳೆ. ಮದುವೆಯಲ್ಲಿ ತುಂಬದ ಮಡಿಲನ್ನು ಇಲ್ಲಿ, ಪರದೇಶದ ಕಾರಂಜಿಯ ಕಟ್ಟೆಯ ಮೇಲೆ ಕೂತು ತುಂಬಬೇಕೆಂದು ಸಮುದ್ರ ದಾಟಿಸಿ ತಂದಿದ್ದರು.

"ಮೇಷ್ಟರಿಗೆ ಗೊತ್ತಾ?"

"ಗೊತ್ತಾದ್ರೆ ನಾನು ಇಲ್ಲಿರ್ತಿದ್ನಾ? ಎರಡು ವರ್ಷದಿಂದ ಈ ಟೂರಿಗೆ ಗೋಗರೀತಿದ್ದೆ. ಮೊನ್ನೆ ಇದ್ದಕ್ಕಿದ್ದ ಹಾಗೆ ಆಗಲಿ ಅಂದ್ರು. ದೇವರು ದೊಡ್ಡವನು."

ಇಬ್ಬರೂ ಸೇರಿ ಉಪಾಯ ಮಾಡಿದೆವು. ಚೌಕದಲ್ಲಿ ಊಟಕ್ಕೆ ಮುಂಚೆ ಎಲ್ಲರಿಗೂ ಬಿಡುವಿತ್ತು. ಆ ಹೊತ್ತಿಗೆ ನಾನು ಮೇಷ್ಟರನ್ನು ಗಡಿಯಾರದ ಗೋಪುರಕ್ಕೆ ಹತ್ತಿಸಬೇಕು. ಹೋಗಿಬರಲು ಮುಕ್ಕಾಲು ಗಂಟೆಯಾದರೂ ಬೇಕೆಂದು ಪ್ರಸನ್ನ ಹೇಳಿದ್ದ. ಅಷ್ಟು ಸಾಕು ಎಂದರು ಆಕೆ. "ಅಷ್ಟು ಹೊತ್ತು ಮುಖ ನೋಡಿದ್ರೆ ನನಗೆ ಸಾಯೋವರೆಗೂ ಆಗುತ್ತೆ."

ಈ ಮಾತುಕತೆಯಿಂದಾಗಿ ಆಕೆ ಬಸ್ಸಿಗೆ ತಡವಾಗಿ ಬಂದರು. "ಅಪರಾಧಿ ಬಂದಳು!" ಎಂದು ಮೇಷ್ಟರು ಘೋಷಿಸಿದರು. ಶಿಕ್ಷೆ ಏನು ಎಂದು ಎಲ್ಲರೂ ಕೂಗಿದರು. ಮೇಷ್ಟರು ಹೆಂಡತಿಯ ಸೀರೆಯನ್ನೂ ಬಳೆಯನ್ನೂ ಅಡಿಯಿಂದ ಮುಡಿಯವರೆಗೆ ನೋಡಿ, "ತೀರ್ಪನ್ನು ಕಾಯ್ದಿರಿಸಲಾಗಿದೆ" ಎಂದರು. ಎಂದಿನಂತೆ ನಗು.

ಊರು ನಿಜಕ್ಕೂ ಚೆನ್ನಾಗಿತ್ತು. ನಮಗೆ ಊರು ತೋರಿಸಲು ಬಂದಾಕೆ ಕೆಂಪು ಕೊಡೆಯನ್ನು ಎತ್ತಿ ಹಿಡಿದು ಮುಂದೆ ನಡೆದಳು, ನಾವು ಹಿಂದೆ. ಕೋಟೆಯ ಗೋಡೆ, ಅದರಲ್ಲಿ ಸಿಕ್ಕಿಕೊಂಡೇ ಇದ್ದ ಯಾವುದೋ ಯುದ್ಧದ ಗುಂಡು, ಬಾಗಿಲ ಮೇಲೆ ಮೀನು, ಕರಡಿ, ಬೀಗದಕೈ ಕೆತ್ತಿದ ಮನೆಗಳು. ಮನೆಗೆ ನಂಬರಿಲ್ಲದ ಕಾಲದಲ್ಲಿ ಅವೇ ವಿಳಾಸವಂತೆ. ಚರ್ಚಿನೊಳಗೆ ಗಾಜಿನ ಪೆಟ್ಟಿಗೆಯಲ್ಲಿ ಒಬ್ಬ ಸಂತನ ಕೈಮೂಳೆಗೆ ಉಂಗುರ ತೊಡಿಸಿ ಇಟ್ಟಿದ್ದರು. ಎಲ್ಲರೂ ಕತ್ತು ಹೊರಳಿಸಿ ಕಮಾನು ನೋಡುತ್ತಿದ್ದರೆ ವಿಶಾಲಾಕ್ಷಮ್ಮ ನೋಡುತ್ತಿದ್ದದ್ದು ಕಿಟಕಿಗಳನ್ನು. ಯಾವ ಪರದೆಯ ಹಿಂದೆ ಇದ್ದಾಳೋ ಎಂದು. ಒಂದು ಇಕ್ಕಟ್ಟಾದ ಓಣಿಯಲ್ಲಿ ಕಲ್ಲಿನ ಮೆಟ್ಟಿಲಿಗೆ ಕಬ್ಬಿಣದ ಹಿಡಿಕೆ ಇತ್ತು, ಕೈತಾಗಿ ತಾಗಿ ನುಣ್ಣಗಾಗಿತ್ತು. ಆಕೆ ಅದರ ಮೇಲೆ ಅಂಗೈ ಇಟ್ಟು, "ಇಲ್ಲಿ ಓಡಾಡಿರ್ತಾಳೆ ಅಲ್ವಾ?" ಎಂದು ಪಿಸುಗುಟ್ಟಿದರು. ಆ ಮುಖದ ಖುಷಿಯನ್ನು ನಾನು ಇವತ್ತಿಗೂ ಮರೆತಿಲ್ಲ.

ಚೌಕದಲ್ಲಿ ಒಂದು ಬದಿಗೆ ಕಾರಂಜಿ, ಇನ್ನೊಂದು ಬದಿಗೆ, ಗೋಪುರದ ಬುಡದಲ್ಲಿ, ಆ ಹಲಗೆ. ಹಿಂದಿನ ಕಾಲದಲ್ಲಿ ತೂಕದಲ್ಲಿ ಮೋಸ ಮಾಡಿದ ರೊಟ್ಟಿಯವರನ್ನೂ, ಗಂಡನ ಎದುರು ಬಾಯಿ ಮಾಡಿದ ಹೆಂಗಸರನ್ನೂ ಅದರಲ್ಲಿ ತಲೆ, ಕೈ ಸಿಕ್ಕಿಸಿ ನಿಲ್ಲಿಸುತ್ತಿದ್ದರಂತೆ. ಜನ ಬಂದು ಕೊಳೆತ ಸೊಪ್ಪು ಎಸೆಯುತ್ತಿದ್ದರಂತೆ. ಈಗಿರುವುದು ಪ್ರವಾಸಿಗರ ಫೋಟೋಗೆಂದು ಹೊಸದಾಗಿ ಮಾಡಿಸಿದ್ದು. ಬೀಗವಿಲ್ಲ. ಮೇಲಿನ ಹಲಗೆ ಇಳಿಸಿ ಪಕ್ಕದಲ್ಲಿ ಒಂದು ಮರದ ಅಗುಳಿ ಸರಿಸಿದರೆ ಆಯಿತು. ಒಳಗೆ ಸಿಕ್ಕಿದವರಿಗೆ ಅದು ಕೈಗೆಟುಕುವುದಿಲ್ಲ, ಹೊರಗಿನವರು ಯಾರು ಬೇಕಾದರೂ ತೆಗೆಯಬಹುದು. ನಮ್ಮವರೆಲ್ಲ ಸರದಿಯ ಮೇಲೆ ತಲೆಯೊಡ್ಡಿ, ನಾಲಿಗೆ ಹೊರಚಾಚಿ ಫೋಟೋ ತೆಗೆಸಿಕೊಂಡರು.

"ಮೇಷ್ಟ್ರೇ, ಗೋಪುರ ಹತ್ತೋಣ ಬನ್ನಿ. ಮೇಲಿಂದ ಇಡೀ ಊರು ಕಾಣುತ್ತಂತೆ" ಎಂದೆ.

"ಆಗಲಿ ನಡಿಯಮ್ಮ" ಎಂದರು. ಅಷ್ಟು ಸುಲಭಕ್ಕೆ ಒಪ್ಪಿದರಲ್ಲ ಎಂದು ನನಗೇ ಆಶ್ಚರ್ಯವಾಯಿತು.

ಮೆಟ್ಟಿಲು ಒಬ್ಬರು ಹೋಗುವಷ್ಟೇ ಅಗಲ, ಸುತ್ತಿ ಸುತ್ತಿ ಹತ್ತಬೇಕು. ಹತ್ತುವ ದಾರಿ ಬೇರೆ, ಇಳಿಯುವ ದಾರಿ ಬೇರೆ. ಮೊದಲ ತಿರುವಿನಲ್ಲಿ ಒಂದು ಸಣ್ಣ ಬಾಗಿಲಿತ್ತು, ಆಗದವರು ಅಲ್ಲಿಂದಲೇ ಹೊರಗೆ ಹೋಗಬಹುದು. ಮೇಷ್ಟರು ಆ ಬಾಗಿಲ ಬಳಿ ನಿಂತು ಮೊಣಕಾಲು ಹಿಡಿದುಕೊಂಡರು. "ನನ್ನ ಕೈಲಾಗಲ್ಲ, ನೀನು ಹೋಗಿ ಬಾ" ಎಂದು ನನ್ನನ್ನು ಮುಂದಕ್ಕೆ ಬಿಟ್ಟರು. ನಾನು ತಿರುಗಿ ಏನಾದರೂ ಹೇಳುವಷ್ಟರಲ್ಲಿ ಯಾರ್‍ಯಾರೋ ಬೆನ್ನಟ್ಟಿ ಬಂದಂತೆ ಹತ್ತಿ ಬಂದರು. ಹಿಂದೆ ಸರಿಯಲು ಜಾಗವೇ ಇರಲಿಲ್ಲ. ಆ ಕಲ್ಲಿನ ಕೊಳವೆಯೊಳಗೆ ಜನರ ಉಸಿರಿನ ನಡುವೆ ಹತ್ತುತ್ತಾ ಹೋದೆ.

ಮೇಲೆ ತಲುಪಿ ಬಗ್ಗಿದಾಗ ಕಂಡದ್ದೇ ನಾನು ಮೊದಲಿಗೆ ಹೇಳಿದ್ದು. ನೆತ್ತಿಗಳ ನಡುವೆ ಹಲಗೆ, ಹಲಗೆಯಲ್ಲಿ ಹಸಿರು ಬಳೆಯ ಕೈಗಳು.

ಆಕೆ ಕಾರಂಜಿಗೆ ಬೆನ್ನು ಹಾಕಿ ಸಿಕ್ಕಿಕೊಂಡಿದ್ದರು. ಮುಂದೆ ನಮ್ಮ ಬಸ್ಸಿನವರೆಲ್ಲ ಅರ್ಧಚಂದ್ರಾಕಾರವಾಗಿ ನಿಂತು ಫೋಟೋ ತೆಗೆಯುತ್ತಿದ್ದರು. ನಡುವೆ ಮೇಷ್ಟರ ಬೋಳು ನೆತ್ತಿ. ಮಾತು ನನಗೆ ಕೇಳಿಸುವ ಹಾಗಿರಲಿಲ್ಲ. ಅಲ್ಲಿ ಯಾರು ಏನಂದರೆಂಬುದನ್ನು ಆಮೇಲೆ ಸರ್ವಮಂಗಳಮ್ಮನಿಂದ ಕೇಳಿ ತಿಳಿದೆ.

ಮೇಷ್ಟರು ಕೆಳಗೆ ಬಂದಾಗ ವಿಶಾಲಾಕ್ಷಮ್ಮ ಕಾರಂಜಿಯ ಕಡೆಗೆ ಹೊರಟಿದ್ದರಂತೆ. "ಎಲ್ಲಿಗೆ ಹೊರಟೆ? ಬೆಳಿಗ್ಗೆಯ ಕೇಸು ಬಾಕಿ ಇದೆ" ಎಂದು ಕೈಹಿಡಿದು ಕರೆತಂದರಂತೆ. ತೀರ್ಪು ಎಂದಾಕ್ಷಣ ಎಲ್ಲರೂ ಓ ಎಂದು ಸೇರಿದರು. "ಆಮೇಲೆ ಮಾಡಿ, ನನಗೆ ಬಾತ್‌ರೂಮಿಗೆ ಹೋಗಬೇಕು" ಎಂದು ಆಕೆ ಬೇಡಿಕೊಂಡರು. ಎರಡೇ ನಿಮಿಷ ಎಂದು ಹೆಂಗಸರೇ ತಳ್ಳಿಕೊಂಡು ಹೋಗಿ ನಿಲ್ಲಿಸಿದರು. ಮೇಷ್ಟರು ಅಗುಳಿ ಸರಿಸಿ, "ಮೂವತ್ತು ವರ್ಷದಿಂದ ನಾನು ಸಿಕ್ಕಿಕೊಂಡಿದ್ದೆ ಸ್ವಾಮಿ. ಇವತ್ತೊಂದು ದಿನ ಇವಳು!" ಎಂದರು. ಆಮೇಲೆ ಕೈಚೀಲ ತೆರೆದು ಗಂಟು ಹೊರಗೆಳೆದು, "ನೋಡ್ರಪ್ಪ, ಯೂರೋಪಿಗೆ ಅಕ್ಕಿ ಹೊತ್ತುಕೊಂಡು ಬಂದಿದಾಳೆ!" ಎಂದು ಬಿಚ್ಚಿ ಕಲ್ಲುಹಾಸಿನ ಮೇಲೆ ಎರಚಿದರು. ಮೇಲಿನಿಂದ ನನಗೆ ಕಂಡದ್ದು, ಚೌಕದ ಪಾರಿವಾಳಗಳೆಲ್ಲ ಒಟ್ಟಿಗೇ ಎದ್ದು ಬಂದು ಆಕೆಯ ಕಾಲ ಬಳಿ ಇಳಿದದ್ದು.

ನನ್ನ ಕಾಲಡಿಯಲ್ಲೇ ಗಡಿಯಾರ ಹನ್ನೆರಡು ಹೊಡೆಯತೊಡಗಿತು. ಇಡೀ ಗೋಪುರ ನಡುಗಿತು. ಹಲಗೆಯ ಹಿಂದೆ, ಚೌಕದ ಆಚೆ ಬದಿಯ ಓಣಿಯಿಂದ ಒಬ್ಬಳು ಬಂದಳು. ಕಪ್ಪು ಜಡೆ, ಬೂದು ಕೋಟು. ಮಗುವಿನ ತಳ್ಳುಗಾಡಿಯೊಂದನ್ನು ತಳ್ಳಿಕೊಂಡು ಬಂದು ಕಾರಂಜಿಯ ಪಕ್ಕ ನಿಂತಳು. ನಿಂತು ಸುತ್ತ ನೋಡಿದಳು. ತಾಯಿಯ ಬೆನ್ನು ಅವಳ ಕಡೆಗಿತ್ತು, ನಡುವೆ ಹಲಗೆಯ ಕಂಬ, ಜನ. ಕಲ್ಲೆಸೆದರೆ ಬೀಳುವಷ್ಟು ದೂರದಲ್ಲಿ ಇಬ್ಬರೂ ಇದ್ದರು, ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಇಬ್ಬರೂ ಕಾಣುತ್ತಿದ್ದದ್ದು ನನಗೆ. ಕೂಗಿದೆ. ಗಂಟೆಯ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ.

ಗಂಟೆ ಹೊಡೆದದ್ದು ಕೇಳಿ ವಿಶಾಲಾಕ್ಷಮ್ಮ ಒದ್ದಾಡತೊಡಗಿದರಂತೆ. ಬಿಡಿ, ಬಿಡಿ ಎಂದು ಆಕೆ ಕೂಗಿದಷ್ಟೂ ನಮ್ಮವರು ನಕ್ಕರು. ಆಕೆಯನ್ನು ನೋಡಿ ನಗುವುದು ಅವರಿಗೆ ಅಷ್ಟು ರೂಢಿಯಾಗಿಹೋಗಿತ್ತು. ಕಡೆಗೆ ಆಕೆ ಗುಟ್ಟನ್ನೇ ಬಿಟ್ಟುಕೊಟ್ಟರು. "ನನ್ನ ಮಗಳು ಬಂದಿದಾಳೆ! ಕಾರಂಜಿ ಹತ್ರ ನನ್ನ ಪೂರ್ಣಿ ಕಾಯ್ತಿದಾಳೆ! ನಿಮ್ಮ ದಮ್ಮಯ್ಯ, ಬಿಡಿ!"

ನಗು ನಿಂತಿತು. ಎಲ್ಲರೂ ಮೇಷ್ಟರ ಮುಖ ನೋಡಿದರು. ಚೌಕದಲ್ಲಿ ಅವರು ತಮಾಷೆ ಬಿಟ್ಟು ಮಾತಾಡಿದ್ದು ಆಗ ಮಾತ್ರ. ತಗ್ಗಿದ ದನಿಯಲ್ಲಿ, "ಹೀಗೇ ಆಗುತ್ತೆ" ಎಂದರಂತೆ. "ಮಗಳ ವಯಸ್ಸಿನ ಯಾರನ್ನ ಕಂಡ್ರೂ ಹೀಗೇ. ಹೋದ್ಸಲ ಯಾರದೋ ಮಗೂನ ಕಿತ್ತುಕೊಂಡುಬಿಟ್ಟಿದ್ದಳು. ಈಗ ಬಿಡಬೇಡಿ. ಐದು ನಿಮಿಷ ಹಾಗೇ ಇರಲಿ, ಶಾಂತವಾಗ್ತಾಳೆ. ನಾನು ಆ ಹುಡುಗಿಗೆ ಒಂದು ಮಾತು ಹೇಳಿ ಬರ್ತೀನಿ."

ನಮ್ಮವರು ಆಕೆಯನ್ನು ಸುತ್ತುವರಿದರು. ಸರ್ವಮಂಗಳಮ್ಮ ಕೆನ್ನೆ ಸವರಿ, "ಸಮಾಧಾನ ಮಾಡ್ಕೊಳ್ಳಿ, ದೇವರು ಕೊಟ್ಟಿದ್ದು ದೇವರೇ ತಗೊಂಡ" ಎಂದರಂತೆ. ನನ್ನೊಡನೆ ಅದನ್ನು ಹೇಳುವಾಗ ಆಕೆಗೆ ತಾನು ಪುಣ್ಯ ಮಾಡಿದೆನೆಂಬ ಭಾವವಿತ್ತು. ಅಗುಳಿ ಸರ್ವಮಂಗಳಮ್ಮನ ಮೊಣಕೈಯ ಪಕ್ಕದಲ್ಲೇ ಇತ್ತು.

ಮೇಲಿನಿಂದ ಬೋಳು ನೆತ್ತಿ ಚೌಕ ದಾಟುವುದನ್ನು ನೋಡಿದೆ. ಕುಂಟಲಿಲ್ಲ. ಮೇಷ್ಟರು ಕಾರಂಜಿಯ ಹತ್ತಿರ ಹೋಗಿ ಆ ಹುಡುಗಿಯ ಎದುರು ನಿಂತರು. ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಮೇಷ್ಟರು ಬಗ್ಗಿ ತಳ್ಳುಗಾಡಿಯೊಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನೆಟ್ಟಗಾಗಿ ಏನೋ ಹೇಳಿ, ಕೈಯೆತ್ತಿ ನಮ್ಮವರ ಗುಂಪಿನ ಕಡೆ ತೋರಿಸಿದರು. ಹುಡುಗಿ ಆ ಕಡೆ ನೋಡಿದಳು. ಗುಂಪು, ಕ್ಯಾಮೆರಾಗಳು, ಪಾರಿವಾಳಗಳು. ಅವಳು ಗಾಡಿ ತಿರುಗಿಸಿ ಬಂದ ಓಣಿಯಲ್ಲೇ ಹೋದಳು, ಬೇಗ ಬೇಗ.

ಆಗ ಇಳಿಯತೊಡಗಿದೆ. ಬೈಸಿಕೊಳ್ಳುತ್ತಾ, ಜನರನ್ನು ಗೋಡೆಗೆ ಒತ್ತಿ ಇಳಿದೆ. ಚೌಕಕ್ಕೆ ಬಂದು ಅಗುಳಿ ಎಳೆದು ಹಲಗೆ ಎತ್ತಿದೆ. "ಆ ಓಣಿ!" ಎಂದೆ. ವಿಶಾಲಾಕ್ಷಮ್ಮ ಓಡಿದರು. ಆ ವಯಸ್ಸಿನಲ್ಲಿ, ರೇಷ್ಮೆ ಸೀರೆಯಲ್ಲಿ, ಕಲ್ಲುಹಾಸಿನ ಮೇಲೆ ಅವರು ಓಡಿದ್ದನ್ನು ನೋಡಿ ನಮ್ಮವರಲ್ಲಿ ಕೆಲವರು ಮತ್ತೆ ನಕ್ಕರು. ನಾನೂ ಹಿಂದೆ ಓಡಿದೆ. ಓಣಿ ಮೂರಾಗಿ ಒಡೆದಿತ್ತು. ಮೂರರಲ್ಲೂ ಹೋದೆವು. ಮೀನಿನ ಮನೆ, ಕರಡಿಯ ಮನೆ, ಮುಚ್ಚಿದ ಬಾಗಿಲು. ಆಕೆ ಪ್ರತಿ ಬಾಗಿಲೆದುರೂ ನಿಂತು "ಪೂರ್ಣೀ" ಎಂದು ಕೂಗಿದರು. ಮೇಲಿನ ಕಿಟಕಿಯೊಂದು ತೆರೆಯಿತು. ಯಾರೋ ಮುದುಕಿ, ನೋಡಿ ಮುಚ್ಚಿಕೊಂಡಳು.

ಪ್ರಸನ್ನ ಬಂದು ನಮ್ಮನ್ನು ಹಿಡಿದುಕೊಂಡು ಹೋದ. ಬಸ್ಸಿನಲ್ಲಿ ಎಲ್ಲರೂ ಕಾಯುತ್ತಿದ್ದರು. ನಾನು ನಡುದಾರಿಯಲ್ಲಿ ನಿಂತು ಗಟ್ಟಿಯಾಗಿ, "ಇವರ ಮಗಳು ಬದುಕಿದಾಳೆ. ಈಗ ಬಂದಿದ್ದವಳು ಅವಳೇ. ಇವರು ಸುಳ್ಳು ಹೇಳಿ ಓಡಿಸಿದ್ರು" ಎಂದೆ. ಮೇಷ್ಟರು ನನ್ನತ್ತ ಕರುಣೆಯಿಂದ ನೋಡಿದರು. "ಇವಳು ನಿನಗೂ ಹೇಳಿದಾಳೆ ಅಂತಾಯ್ತು. ಒಳ್ಳೆ ಹುಡುಗಿ, ನಂಬಿಬಿಟ್ಟಿದೀಯ. ಅವಳು ಶ್ರೀಲಂಕಾದವಳಂತಮ್ಮ. ನಾನೇ ಕ್ಷಮೆ ಕೇಳಿ ಬಂದೆ" ಎಂದರು. "ಕೂತ್ಕೋಮ್ಮ, ಸಾಕು" ಎಂದು ಅಕ್ಕಿ ಗಿರಣಿಯವರು ಗದರಿಸಿದರು.

ಇನ್ನು ಮುಂದೆ ಆ ಮನುಷ್ಯನಿಗೆ ಗೌರವದ ಮಾತು ನನ್ನಿಂದ ಬರುವುದಿಲ್ಲ.

ಬಸ್ಸು ನದಿ ದಾಟಿತು. ಮುಂದಿನ ಸೀಟಿನಲ್ಲಿ ಆತ ಹೆಂಡತಿಗೆ ಮೆಲ್ಲಗೆ ಹೇಳಿದ್ದು ಹಿಂದೆ ಕೂತ ನನಗೆ ಕೇಳಿಸಿತು. "ಶನಿವಾರ ಶನಿವಾರ ನಿನಗೆ ಕರಿಬೇವು ಯಾಕೆ ಬೇಕು ಅಂತ ನನಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ? ಇಷ್ಟು ದುಡ್ಡು ಸುರಿದು ಕರ್ಕೊಂಡು ಬಂದಿದ್ದು ಇನ್ಯಾತಕ್ಕೆ? ಅಮ್ಮ ಅಲ್ಲಿ ಆಟ ಆಡ್ತಿದಾಳೆ, ನಿನ್ನ ಮುಖ ನೋಡಲ್ಲ ಅಂತ ಹೇಳಿ ಕಳಿಸಿದಾಳೆ ಅಂತ ಅವಳಿಗೆ ಅಂದೆ. ನೋಡಿದಳು. ಹೋದಳು. ಮುಗೀತು."

ವಿಶಾಲಾಕ್ಷಮ್ಮ ಅಳಲಿಲ್ಲ. ಸೀಟುಗಳ ಸಂದಿನಿಂದ ನನ್ನತ್ತ ತಿರುಗಿದರು. ಕತ್ತಿನ ಎರಡೂ ಬದಿ ಹಲಗೆ ತರಚಿ ಕೆಂಪಾಗಿತ್ತು.

"ನೀನು ಮೇಲಿಂದ ನೋಡಿದೆಯಲ್ಲಮ್ಮ. ಹೇಗಿದ್ದಳು? ಸೊರಗಿದಾಳಾ?"

"ಮುಖ ಕಾಣಲಿಲ್ಲಮ್ಮ. ಉದ್ದ ಜಡೆ ಇತ್ತು. ಬೂದು ಕೋಟು. ತಳ್ಳುಗಾಡಿ ತಳ್ಳಿಕೊಂಡು ಬಂದಳು."

"ತಳ್ಳುಗಾಡಿ?"

"ಮಗುವಿನದು."

ಆಕೆಗೆ ಗೊತ್ತಿರಲಿಲ್ಲ. ತೋರಿಸೋದಿದೆ ಎಂದದ್ದು ಅದನ್ನೇ. "ಮಗು ಇತ್ತಾ? ಗಂಡಾ, ಹೆಣ್ಣಾ?"

"ಗಾಡಿಗೆ ಮುಚ್ಚಳವಿತ್ತು. ನನಗೆ ಕಾಣಲಿಲ್ಲ."

ಕಂಡದ್ದು ಒಬ್ಬರಿಗೆ ಮಾತ್ರ. ವಿಶಾಲಾಕ್ಷಮ್ಮ ನಿಧಾನವಾಗಿ ಮುಂದಕ್ಕೆ ತಿರುಗಿ ಗಂಡನ ಮುಖ ನೋಡಿ ಕೇಳಿದರು. "ಗಂಡಾ, ಹೆಣ್ಣಾ?"

"ಯಾವುದು?"

"ಮಗು."

"ಯಾವ ಮಗು?" ಎಂದು ಆತ ಎದ್ದು ಮೈಕು ತೆಗೆದುಕೊಂಡ. ಸ್ವಲ್ಪ ಹೊತ್ತಿಗೆ ಬಸ್ಸು ಮತ್ತೆ ನಗುತ್ತಿತ್ತು.

ಪ್ರವಾಸ ಮುಗಿಯಿತು. ನಾನು ನನ್ನ ಕೆಲಸಕ್ಕೆ ಮರಳಿದೆ. ಬಹಳ ಕಾಲದ ಮೇಲೆ ನಮ್ಮ ಊರಿನ ಸಂಘದವರು ಹಾಸ್ಯಸಂಜೆ ಏರ್ಪಡಿಸಿದರು. ಕರಪತ್ರದಲ್ಲಿ ಆತನ ಹೆಸರು ಕಂಡು ಹೋದೆ. ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ವಿಶಾಲಾಕ್ಷಮ್ಮ ಕೂತಿದ್ದರು, ಬಹಳ ಇಳಿದುಹೋಗಿದ್ದರು. ಪಕ್ಕದ ಕುರ್ಚಿ ಖಾಲಿಯಿತ್ತು, ಹೋಗಿ ಕೂತೆ. ಗುರುತು ಹಿಡಿದು ನನ್ನ ಕೈ ಹಿಡಿದುಕೊಂಡರು.

"ಫೋನು ಬಂತಾಮ್ಮ?"

"ಇಲ್ಲ. ಶನಿವಾರ ಈಗಲೂ ಹೋಗಿ ಕೂತು ಬರ್ತೀನಿ."

"ಇನ್ನೂ ಯಾಕೆ ಬರ್ತೀರಿ ಇವರ ಜೊತೆ? ಇದನ್ನೆಲ್ಲ ಕೇಳಿಸ್ಕೊಳ್ಳೋಕೆ?"

ಆಕೆ ವೇದಿಕೆಯ ಮೇಲಿಂದ ಕಣ್ಣು ತೆಗೆಯದೆ ಹೇಳಿದರು. "ಮನೇಲಿ ಕೇಳಿದ್ರೆ ಎದ್ದು ಹೋಗ್ತಾರೆ. ಇಲ್ಲಿ ಮೈಕು ಬಿಟ್ಟು ಹೋಗೋಕಾಗಲ್ಲವಲ್ಲ. ಒಂದ್ಸಲ ಬಾಯಿತಪ್ಪಿ ಹೇಳಿಬಿಡಬಹುದು."

ಆತ ಎದ್ದು ನಿಂತ. ಇಡ್ಲಿ, ಗೊರಕೆ, ತವರುಮನೆ ಎಲ್ಲ ಆಯಿತು. ಆಮೇಲೆ ಯೂರೋಪು. "ಅಲ್ಲೇ ಬಿಟ್ಟುಬರೋಣ ಅಂತ ಇವಳನ್ನ ಒಂದು ಹಲಗೇಲಿ ಸಿಕ್ಕಿಸಿ ಓಡಿಬಂದೆ ಸ್ವಾಮಿ. ಆ ದೇಶದೋರು ಬುದ್ಧಿವಂತರು. ಈ ಸಾಮಾನು ನಮಗೆ ಬೇಡ ಅಂತ ನಮ್ಮ ಬಸ್ಸಿಗೇ ತಂದು ಹಾಕಿದ್ರು!" ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗು ಇಳಿಯುತ್ತಿದ್ದಂತೆ ವಿಶಾಲಾಕ್ಷಮ್ಮ ನನ್ನ ಕೈ ಬಿಟ್ಟು ಎದ್ದು ನಿಂತರು. ನನ್ನ ಹಿಂದೆ ಯಾರೋ, "ನೋಡು, ನೋಡು, ಈಗ ಆ ಅಮ್ಮ ಕೇಳ್ತಾರೆ. ಎಲ್ಲಾ ಊರಲ್ಲೂ ಇದೇ ಫೇಮಸ್ಸು" ಎಂದು ಪಕ್ಕದವರನ್ನು ತಿವಿದರು. ಸಭೆಗೆ ಸಭೆಯೇ ಉಸಿರು ಬಿಗಿಹಿಡಿದು ಕಾಯಿತು.

"ಮಗು ಗಂಡಾ, ಹೆಣ್ಣಾ?" ಎಂದರು ಆಕೆ. ಗಟ್ಟಿಯಾಗಿ, ಸ್ಪಷ್ಟವಾಗಿ, ನೇರವಾಗಿ ಆತನನ್ನೇ ನೋಡಿ.

ಆತ ಮೈಕು ಹತ್ತಿರ ತಂದುಕೊಂಡ. ಎಷ್ಟು ಹೊತ್ತು ತಡೆಯಬೇಕೆಂಬುದು ಆತನಿಗೆ ಚೆನ್ನಾಗಿ ಗೊತ್ತಿತ್ತು. "ಅದನ್ನ ಮುಂಚೇನೇ ಹೇಳಿದ್ರೆ ಜೈಲಿಗೆ ಹಾಕ್ತಾರೆ ಕಣೇ. ಕಾನೂನಿದೆ!"

ಸಭಾಂಗಣ ಹಾರಿಹೋಗುವಂತೆ ನಗು, ಶಿಳ್ಳೆ, ಚಪ್ಪಾಳೆ. ಪಕ್ಕದ ಸಾಲಿನವರು ಕಣ್ಣೀರು ಒರೆಸಿಕೊಂಡು ನಗುತ್ತಿದ್ದರು. ನಗು ಇಳಿಯಿತು. ಆತ ನೀರು ಕುಡಿದು ಗ್ಲಾಸು ಕೆಳಗಿಟ್ಟ. ವಿಶಾಲಾಕ್ಷಮ್ಮ ಇನ್ನೂ ನಿಂತೇ ಇದ್ದರು, ಮುಖವನ್ನು ತುಸು ಮೇಲಕ್ಕೆತ್ತಿ, ಉತ್ತರ ಈಗ ಬರಬಹುದು ಎನ್ನುವ ಹಾಗೆ.

"ಅಮ್ಮಾ," ಹಿಂದಿನ ಸಾಲಿನಿಂದ ಯಾರೋ ಮರ್ಯಾದೆಯಿಂದಲೇ ಹೇಳಿದರು, "ನಿಮ್ಮದು ಆಯ್ತಲ್ಲ. ಕೂತ್ಕೊಳ್ಳಿ. ಹಿಂದೆ ಕಾಣಿಸ್ತಿಲ್ಲ."

ಆಕೆ ಸೆರಗು ಸರಿಮಾಡಿಕೊಂಡು ಕೂತರು.